ಸಂಕದ ಮೇಲೆ ಒಂದು ಗಂಟೆ ಐವತ್ತು ನಿಮಿಷ

ನಾನು ನಿಂತಿದ್ದದ್ದು ಹಳೆಯ ಸಂಕದ, ಅಂದರೆ ಕಿರುಸೇತುವೆಯ, ಕಡಬ ಕಡೆಯ ತುದಿಯಲ್ಲಿ, ಎಡಬದಿಯ ಮೊದಲನೆಯ ಕಾಂಕ್ರೀಟ್ ಗೂಟದಿಂದ ಎರಡು ಹೆಜ್ಜೆ ಈಚೆಗೆ, ಹೊಳೆಗೆ ಬೆನ್ನು ಹಾಕಿ. ಎರಡು ವರ್ಷದ ಹಿಂದಿನ ಡಿಸೆಂಬರ್ ತಿಂಗಳು, ಮಂಗಳವಾರ. ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತನಾಲ್ಕು ನಿಮಿಷ. ಆಗ ನಾನು ಬಲಗೈ ಎತ್ತಿ ಐದು ಗಾಡಿಗಳನ್ನು ಸಂಕದ ಒಳಗೆ ಬಿಟ್ಟೆ. ಎರಡು ನಿಮಿಷ ಕಳೆದು, ಅವುಗಳ ಹಿಂದೆ ಬಂದ ಒಂದು ರಿಕ್ಷಾವನ್ನೂ ಬಿಟ್ಟೆ. ರಿಕ್ಷಾದಲ್ಲಿ ಕೂತಿದ್ದವರು ಹತ್ತು ಗಂಟೆಗೆ ಸುಳ್ಯದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಿಷನ್ನಿನ ಪಕ್ಕ ಮಲಗಿರಬೇಕಿತ್ತು. ಅವರು ಹತ್ತು ಗಂಟೆಗೆ ಎಲ್ಲಿದ್ದರು ಎಂಬುದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಹೊತ್ತನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣ ಉಂಟು. ನಾನು ಸರಕಾರಿ ಬಸ್ಸಿನ ಡ್ರೈವರನಾಗಿದ್ದವನು. ಮೂವತ್ತೊಂದು ವರ್ಷದ ಕೆಲಸದಲ್ಲಿ ಕೊನೆಯ ಹದಿನಾಲ್ಕು ವರ್ಷ ಪುತ್ತೂರಿನಿಂದ ಹೊರಟು ಕಡಬ ದಾಟಿ, ಈ ಸಂಕದ ಮೇಲೆ ಪಂಜಕ್ಕೆ ಹೋಗಿ ಬರುವ ಲೈನಿನಲ್ಲಿ ಕಳೆದೆ. ರಿಕ್ಷಾದಲ್ಲಿದ್ದವರು ಆ ಹದಿನಾಲ್ಕು ವರ್ಷವೂ ನನ್ನ ಬಸ್ಸಿನ ಕಂಡಕ್ಟರರು. ಬ್ಯಾರಿಗಳು, ನಮ್ಮ ಕರಾವಳಿಯ ಮುಸ್ಲಿಮರು. ಅವರ ಮನೆ ಸಂಕದಿಂದ ಕಡಬ ಕಡೆಗೆ ಅರ್ಧ ಮೈಲಿ, ನನ್ನದು ಒಂದು ಮೈಲಿ. ನಿವೃತ್ತರಾದ ಮೇಲೂ ಅವರು ನನ್ನನ್ನು ಡ್ರೈವರೇ ಎಂದು ಕರೆದರು, ನಾನು ಅವರನ್ನು ಕಂಡಕ್ಟ್ರೇ ಎಂದೆ. ನಮ್ಮ ಮಾತು ಹೆಚ್ಚಾಗಿ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದಷ್ಟು ಅವರು ಆಡಿದ ಹಾಗೆಯೇ.

ಸಂಕವನ್ನು ನೋಡದವರಿಗಾಗಿ ಎರಡು ಮಾತು. ಒಂದು ಬಸ್ಸು ಹೋದರೆ ಪಕ್ಕದಲ್ಲಿ ಒಂದು ಬೈಕು ಹೋಗಬಹುದು, ಅದೂ ಸವಾರನಿಗೆ ಧೈರ್ಯ ಇದ್ದರೆ. ಎದುರಿನಿಂದ ಬಂದ ಗಾಡಿಗೆ ಜಾಗ ಇಲ್ಲ. ಬದಿಯಲ್ಲಿ ಮೊಣಕಾಲೆತ್ತರದ ಗೂಟಗಳು, ಅವುಗಳ ನಡುವೆ ಕಬ್ಬಿಣದ ಪೈಪು, ಎಷ್ಟೋ ಕಡೆ ಪೈಪು ಕೂಡ ಇಲ್ಲ. ಪಂಜ ಕಡೆಯಲ್ಲಿ ದಾರಿ ನೂರು ಗಜ ನೇರ ಉಂಟು. ಕಡಬ ಕಡೆಯಲ್ಲಿ ಸಂಕ ಮುಗಿದ ಕೂಡಲೇ ಬಲಕ್ಕೆ ಗಟ್ಟಿ ತಿರುವು, ತಿರುವಿನಿಂದಲೇ ಪೇಟೆ ಶುರು. ನಾವು ಬಸ್ಸು ಓಡಿಸುವಾಗ ಇಲ್ಲಿ ಯಾರೂ ಬರೆದಿಡದ ಒಂದು ಕ್ರಮ ಇತ್ತು. ಬಸ್ಸು ನಿಲ್ಲಬೇಕು, ಕಂಡಕ್ಟರು ಇಳಿದು ಸಂಕದ ತುದಿಗೆ ನಡೆಯಬೇಕು, ಎದುರಿನ ತುದಿ ನೋಡಿ ಬಸ್ಸಿನ ಮೈಗೆ ಎರಡು ಪೆಟ್ಟು ಕೊಡಬೇಕು. ಒಂದು ಪೆಟ್ಟು ಎಂದರೆ ನಿಲ್ಲಿ. ಎರಡು ಎಂದರೆ ಹೋಗಿ. ನಾನು ಹದಿನಾಲ್ಕು ವರ್ಷ ಆ ಎರಡು ಪೆಟ್ಟಿನ ಮೇಲೆ ಬಸ್ಸು ದಾಟಿಸಿದವನು, ನನ್ನ ಕಣ್ಣಿನ ಮೇಲೆ ಅಲ್ಲ.

ಆಮೇಲೆ ಗಾಡಿಗಳು ಹೆಚ್ಚಾದವು. ರಬ್ಬರಿನ ಪಿಕಪ್ಪು, ಜಲ್ಲಿಯ ಟಿಪ್ಪರು, ಶಾಲೆಯ ವ್ಯಾನು, ಸುಬ್ರಹ್ಮಣ್ಯಕ್ಕೆ ಹೋಗುವ ಹೊರಊರಿನ ಕಾರುಗಳು. ಬೆಳಿಗ್ಗೆ ಎಂಟರಿಂದ ಹತ್ತರ ತನಕ ಸಂಕದ ಎರಡೂ ಕಡೆ ಸಾಲು. ಹೊಸ ಸೇತುವೆ ಆಗಬೇಕು ಎಂಬುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ಎಲ್ಲಿ ಎಂಬುದರಲ್ಲಿ ಇತ್ತು.

ಸೇತುವೆ ಕಟ್ಟುವ ಇಲಾಖೆಯವರು ಎರಡು ಜಾಗ ನೋಡಿದ್ದರು. ಒಂದು, ಹಳೆಯ ಸಂಕದ ಪಕ್ಕದಲ್ಲೇ. ಇನ್ನೊಂದು, ಹೊಳೆಯ ಕೆಳಭಾಗದಲ್ಲಿ, ಹಿಂದೆ ದೋಣಿ ದಾಟಿಸುತ್ತಿದ್ದ ಕಡವಿನಲ್ಲಿ. ಅಲ್ಲಿಗೆ ಎರಡೂ ಕಡೆಯಿಂದ ಮಣ್ಣಿನ ದಾರಿ ಬರುತ್ತದೆ. ಬೇಸಿಗೆಯಲ್ಲಿ ಜೀಪು, ಪಿಕಪ್ಪುಗಳು ಕಲ್ಲಿನ ಮೇಲಿಂದ ನೀರಿಗಿಳಿದು ದಾಟುತ್ತವೆ. ನಮ್ಮ ಪೇಟೆಯವರು ಸೇರಿ ಒಂದು ಸಮಿತಿ ಮಾಡಿದರು: ಸೇತುವೆ ಹಳೆಯದರ ಪಕ್ಕದಲ್ಲೇ ಆಗಬೇಕು. ಕಡವಿನ ಕಡೆಯವರೂ ಒಂದು ಸಮಿತಿ ಮಾಡಿದರು. ನಾನು ನಮ್ಮ ಸಮಿತಿಯಲ್ಲಿದ್ದೆ. ಪೇಟೆಯಲ್ಲಿ ನನ್ನದು ಬಾಡಿಗೆಗೆ ಕೊಟ್ಟ ಎರಡು ಕೋಣೆಯ ಕಟ್ಟಡ ಉಂಟು. ದಾರಿ ಕೆಳಗೆ ಹೋದರೆ ಆ ಕೋಣೆಗಳಲ್ಲಿ ವ್ಯಾಪಾರ ಇರುವುದಿಲ್ಲ. ನಾನು ಸಮಿತಿಗೆ ಸೇರಿದ್ದಕ್ಕೆ ಬೇರೆ ಕಾರಣಗಳನ್ನೂ ಹೇಳುತ್ತಿದ್ದೆ. ಇದು ಅವುಗಳಲ್ಲಿ ದೊಡ್ಡದು.

ಕಂಡಕ್ಟರರು ಯಾವ ಸಮಿತಿಗೂ ಸೇರಲಿಲ್ಲ. ಆದರೆ ಅವರ ಅಭಿಪ್ರಾಯ ಎಲ್ಲರಿಗೂ ಗೊತ್ತಿತ್ತು. ಪೇಟೆಯ ಬಸ್ ಸ್ಟ್ಯಾಂಡಿನ ಸಿಮೆಂಟು ಬೆಂಚಿನಲ್ಲಿ ಕೂತು ನನಗೇ ಹೇಳಿದ್ದರು.

"ಡ್ರೈವರೇ, ಇಲ್ಲಿ ಒಂದಲ್ಲ, ನಾಲ್ಕು ಸಂಕ ಕಟ್ಟಿ. ಗಾಡಿ ಸಂಕ ದಾಟಿ ಬಂದು ನಿಲ್ಲುದು ಎಲ್ಲಿ? ಇದೇ ತಿರುವಿನಲ್ಲಿ. ಈ ಮೀನಿನ ಅಂಗಡಿ ಎದುರು. ಬಾಟ್ಲಿಗೆ ಎರಡು ಬಾಯಿ ಮಾಡಿದ್ರೆ ಎಂತ ಪ್ರಯೋಜನ, ಕುತ್ತಿಗೆ ಒಂದೇ ಅಲ್ವಾ?"

"ಹಾಗಾದ್ರೆ ಪೇಟೆಯವರು ಎಂತ ಮಾಡುದು ಕಂಡಕ್ಟ್ರೇ?"

"ಪೇಟೆಯವರು ಮೀನು ಮಾರುದು. ಸುಳ್ಯಕ್ಕೆ ಹೋಗುವವ ಕೆಳಗಿನ ಕಡವಿನಲ್ಲಿ ಸೀದಾ ಹೋಗುದು. ಮೀನು ಬೇಕಾದವ ಇಲ್ಲಿಗೆ ಬರುದು. ನಿಮ್ಮ ಕೋಣೆಗೆ ಬಾಡಿಗೆ ಕಮ್ಮಿ ಆಗ್ತದೆ, ಅದು ಹೇಳಿ."

ಬೆಂಚಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಅವರು ಹೇಳಿದ್ದು ಸರಿ ಎಂದು ಆಗಲೇ ನನಗೆ ಗೊತ್ತಿತ್ತು. ಆ ತಿರುವಿನಲ್ಲಿ ಬಸ್ಸು ತಿರುಗಿಸಿದವನು ನಾನು.

ಆ ಡಿಸೆಂಬರಿನಲ್ಲಿ ಇಲಾಖೆಯವರು ಗಾಡಿ ಎಣಿಸುವ ಕೆಲಸವನ್ನು ಹೊರಗಿನವರಿಗೆ ವಹಿಸಿದರು. ಸೋಮವಾರ, ಮಂಗಳವಾರ, ಬುಧವಾರ, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ, ಎರಡೂ ಜಾಗದಲ್ಲಿ. ಎಲ್ಲಿ ಗಾಡಿ ಹೆಚ್ಚೋ ಅಲ್ಲಿ ಸೇತುವೆ ಎಂದು ಯಾರೂ ಹೇಳಿರಲಿಲ್ಲ. ನಾವೇ ಹಾಗೆ ಅರ್ಥಮಾಡಿಕೊಂಡೆವು. ಕಡವಿನ ಕಡೆಯವರು ತಮ್ಮ ಜೀಪುಗಳನ್ನೆಲ್ಲ ಹೊಳೆಗಿಳಿಸಿ ಸುತ್ತಿಸುತ್ತಾರಂತೆ ಎಂದು ಭಾನುವಾರ ಸುದ್ದಿ ಬಂತು. ಹಾಲಿನ ಸೊಸೈಟಿಯ ಮಹಡಿಯಲ್ಲಿ ನಮ್ಮ ಸಮಿತಿ ಸೇರಿತು.

"ಅವರದ್ದು ಹತ್ತು ಜೀಪು. ನಮ್ಮದು ಪೇಟೆ ಇಡೀ ಉಂಟು," ಎಂದರು ಒಬ್ಬರು.

"ಸುಮ್ಮನೆ ಓಡಿಸಿದ್ರೆ ಬ್ಲಾಕ್ ಆಗ್ತದೆ ಮಾರಾಯ್ರೆ. ಲೆಕ್ಕ ಬೇಕು," ಎಂದರು ಸಂಕದ ಆಚೆ ತುದಿಯಲ್ಲಿ ಬೇಕರಿ ಇಟ್ಟುಕೊಂಡವರು.

ಎಲ್ಲರೂ ನನ್ನ ಕಡೆ ನೋಡಿದರು. ಯಾವ ಗಾಡಿ ಎಷ್ಟು ಹೊತ್ತಿಗೆ ಹೊರಡಬೇಕು, ಎಷ್ಟು ಹೊತ್ತಿಗೆ ತಿರುಗಬೇಕು ಎಂದು ಬರೆಯಲು ಅಲ್ಲಿ ನನಗಿಂತ ಚೆನ್ನಾಗಿ ಗೊತ್ತಿದ್ದವರು ಇರಲಿಲ್ಲ. ನನಗೆ ಅದು ಹೆಮ್ಮೆ ಅನ್ನಿಸಿತು ಎಂಬುದನ್ನೂ ಬರೆಯಬೇಕು. ರೂಲು ಹಾಳೆಯಲ್ಲಿ ಮೂರು ದಿನದ ಶೀಟು ಮಾಡಿದೆ. ಐದೈದು ಗಾಡಿಗಳ ಗುಂಪು. ಒಂದು ಗುಂಪು ಸಂಕ ದಾಟಿ, ಆಚೆ ಕಡೆ ರಬ್ಬರ್ ವ್ಯಾಪಾರಿಯ ಅಂಗಳದಲ್ಲಿ ತಿರುಗಿಸಿ, ಹತ್ತು ನಿಮಿಷ ನಿಂತು, ಹಿಂದೆ ಬರುವುದು. ಈಚೆ ತುದಿಯಲ್ಲಿ ನಾನು, ಆಚೆ ತುದಿಯಲ್ಲಿ ಬೇಕರಿಯವರು. ಆಚೆ ಕಡೆಯಿಂದ ಗಾಡಿ ಬರುವುದಿಲ್ಲ, ಸಂಕ ಖಾಲಿ ಎಂದಾದರೆ ಅವರು ನನಗೆ ಒಂದು ಮಿಸ್ಡ್ ಕಾಲ್ ಕೊಡುವುದು. ಕಾಲ್ ಬಂದರೆ ನಾನು ಬಿಡುವುದು. ಬಾರದಿದ್ದರೆ ಬಿಡಬಾರದು. ಇದನ್ನು ಮಾಡಿದ್ದು ನಾನೇ. ಎರಡು ಪೆಟ್ಟಿನ ಬದಲಿಗೆ ಅಂದುಕೊಂಡೆ.

ಸೋಮವಾರ ಎಲ್ಲ ಸರಿಯಾಗಿ ನಡೆಯಿತು. ಎಣಿಸುವ ಹುಡುಗಿ ಸುಳ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದವಳು, ರಜೆಯಲ್ಲಿ ಈ ಕೆಲಸಕ್ಕೆ ಬಂದಿದ್ದಳು. ಸಂಕದ ಈಚೆ ತುದಿಯಲ್ಲಿ ಬಣ್ಣದ ಕೊಡೆಯ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತು, ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕುತ್ತಿದ್ದಳು. ಸಂಜೆ ಅವಳು ನನಗೆ ಹೇಳಿದಳು, "ಅಂಕಲ್, ಆ ನೀಲಿ ಜೀಪು ಇವತ್ತು ಎಷ್ಟು ಸಲ ಬಂತು ಗೊತ್ತುಂಟಾ?"

"ಅವನಿಗೆ ಆಚೆ ಕಡೆ ತೋಟ ಉಂಟು," ಎಂದೆ.

"ಇರಬಹುದು. ನಾನು ಎಣಿಸುದು ಗಾಡಿ. ಯಾರದ್ದು, ಯಾಕೆ ಬಂತು ಅಂತ ಬರೆಯಲಿಕ್ಕೆ ಇದರಲ್ಲಿ ಜಾಗ ಇಲ್ಲ." ಅವಳು ನಗಲಿಲ್ಲ.

ಕಂಡಕ್ಟರರ ಕಾಯಿಲೆಯ ವಿಷಯ. ಎರಡೂ ಕಿಡ್ನಿ ಹೋಗಿ ಒಂದೂವರೆ ವರ್ಷ ಆಗಿತ್ತು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಸುಳ್ಯದಲ್ಲಿ ಡಯಾಲಿಸಿಸ್. ಹತ್ತರಿಂದ ಎರಡರವರೆಗೆ ಅವರ ಸರದಿ. ಹನ್ನೊಂದು ದಾಟಿದರೆ ಆ ಮಿಷನ್ನಿಗೆ ಕಾದು ಕೂತ ಇನ್ನೊಬ್ಬರನ್ನು ಹಾಕುತ್ತಾರೆ, ಹಾಕಲೇಬೇಕು, ಕಾಯುವವರು ಅಷ್ಟಿರುತ್ತಾರೆ. ಅವರ ಮಗಳ ಗಂಡ ರಿಕ್ಷಾ ಓಡಿಸುವವನು. ಅವನೇ ಕರೆದುಕೊಂಡು ಹೋಗುತ್ತಿದ್ದ. ಎಂಟೂವರೆಗೆ ಸಂಕ ದಾಟಿದರೆ ಹತ್ತಕ್ಕೆ ಹದಿನೈದು ನಿಮಿಷ ಇರುವಾಗ ಆಸ್ಪತ್ರೆ. ಹಿಂದಿನ ಶುಕ್ರವಾರ ಅವರ ಬಿಪಿ ಇಳಿದು ಡಯಾಲಿಸಿಸನ್ನು ಅರ್ಧಕ್ಕೇ ನಿಲ್ಲಿಸಬೇಕಾಗಿ ಬಂದಿತ್ತು. ಇದನ್ನು ಶನಿವಾರ ಅವರೇ ನನಗೆ ಹೇಳಿದ್ದರು. "ಈ ಮಂಗಳವಾರ ತಪ್ಪಲಿಕ್ಕೆ ಇಲ್ಲ ಡ್ರೈವರೇ, ಕಾಲು ನೋಡಿ," ಎಂದು ಲುಂಗಿ ಸ್ವಲ್ಪ ಎತ್ತಿ ತೋರಿಸಿದ್ದರು. ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೆಯೇ ಉಳಿಯುತ್ತಿತ್ತು. ಅಂದರೆ ಅವರು ಮಂಗಳವಾರ ಎಂಟೂವರೆಗೆ ಸಂಕಕ್ಕೆ ಬರುತ್ತಾರೆ ಎಂಬುದು ಶೀಟು ಬರೆಯುವಾಗ ನನಗೆ ಗೊತ್ತಿತ್ತು. ಎಂಟು ಇಪ್ಪತ್ತೈದರಿಂದ ಎಂಟು ನಲವತ್ತರವರೆಗೆ ನಮ್ಮ ಗಾಡಿ ಬಿಡಬಾರದು ಎಂದು ಶೀಟಿನಲ್ಲಿ ಕೆಂಪು ಗೆರೆ ಎಳೆದಿದ್ದೆ. ಅದು ಅವರಿಗಾಗಿಯೇ.

ಗೊತ್ತಿರಬೇಕಾಗಿದ್ದು ಇನ್ನೊಂದು ಇತ್ತು. ಮಂಗಳವಾರ ಆ ರಬ್ಬರ್ ವ್ಯಾಪಾರಿಯ ಅಂಗಳಕ್ಕೆ ದೊಡ್ಡ ಲಾರಿ ಬಂದು ರಬ್ಬರ್ ಶೀಟಿನ ಕಟ್ಟು ತುಂಬಿಸುತ್ತದೆ. ಹದಿನಾಲ್ಕು ವರ್ಷ ಪ್ರತಿ ಮಂಗಳವಾರ ಆ ಲಾರಿಯ ಹಿಂಭಾಗವನ್ನು ದಾಟಿ ಬಸ್ಸು ಕೊಂಡುಹೋದವನಿಗೆ ಅದು ನೆನಪಾಗಲಿಲ್ಲ.

ಆ ಬೆಳಿಗ್ಗೆ ಎಂಟು ಗಂಟೆಗೆ ಹೋದ ಗುಂಪು ಅಂಗಳದಲ್ಲಿ ತಿರುಗಿಸಲು ಹೋದಾಗ ಲಾರಿ ಅಡ್ಡ ನಿಂತಿತ್ತು. ಅದರ ಹಿಂದಿನ ಗುಂಪೂ ಅಲ್ಲಿಗೇ ಬಂದು ಸೇರಿತು. ಹತ್ತು ಗಾಡಿಗಳು ರಸ್ತೆಯಲ್ಲೇ ಹಿಂದೆ ಮುಂದೆ ಮಾಡಿ ತಿರುಗಿಸಿಕೊಂಡು ಸಾಲಾಗಿ ನಿಂತವು. ಆಚೆಯಿಂದ ಗಾಡಿ ಬಿಡಬೇಡಿ ಎಂದು ಹೇಳಲು ಬೇಕರಿಯವರು ನನಗೆ ಕಾಲ್ ಮಾಡಲು ನೋಡಿದರು. ಅಲ್ಲಿ ರೇಂಜ್ ಬರುವುದು ಹೋಗುವುದು ಮಾಮೂಲು. ಕಾಲ್ ಹೋಗುವ ಮೊದಲೇ ಸಾಲಿನ ಮುಂದಿದ್ದ ಪಿಕಪ್ಪು ಸಂಕದ ಒಳಗೆ ಹೊರಟಿತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಈಚೆ ತುದಿಯಲ್ಲಿ ನನ್ನ ಮುಂದೆ ಐದು ಗಾಡಿ ಇಂಜಿನ್ ಚಾಲೂ ಮಾಡಿ ನಿಂತಿದ್ದವು. ಮಿಸ್ಡ್ ಕಾಲ್ ಬಂದಿರಲಿಲ್ಲ. ಹುಡುಗಿ ಅರ್ಧ ಗಂಟೆಗೊಮ್ಮೆ ಹಾಳೆ ಬದಲಿಸುತ್ತಿದ್ದಳು. ಎಂಟೂವರೆಗೆ ಹಾಳೆ ಮುಗಿಯುತ್ತಿತ್ತು. ಆ ಹಾಳೆಯಲ್ಲಿ ಇನ್ನೂ ಐದು ಸೇರಲಿ ಎಂದು ನನಗೆ ಅನ್ನಿಸಿತು. ಇನ್ನೊಂದು ನಿಮಿಷದಲ್ಲಿ ನನ್ನದೇ ಕೆಂಪು ಗೆರೆ ಶುರುವಾಗುತ್ತಿತ್ತು. ಅದಕ್ಕೆ ಮೊದಲು ಕಳಿಸಿಬಿಟ್ಟರೆ ಕಂಡಕ್ಟರರಿಗೆ ದಾರಿ ಖಾಲಿ ಎಂದುಕೊಂಡೆ. ಹಿಂದಕ್ಕೆ ತಿರುಗಿ ನೋಡಲಿಲ್ಲ. ಕೈ ಎತ್ತಿದೆ.

ರಿಕ್ಷಾ ಬಂತು. ಕಂಡಕ್ಟರರು ಹಿಂದೆ ಕೂತಿದ್ದರು, ಬಿಳಿ ಟೊಪ್ಪಿ, ಮಡಿಲಲ್ಲಿ ಆಸ್ಪತ್ರೆಯ ಫೈಲು. ಅಳಿಯ ನಿಧಾನ ಮಾಡಿ ನನ್ನ ಮುಖ ನೋಡಿದ.

"ಹೋಗಿ ಹೋಗಿ, ಖಾಲಿ ಉಂಟು," ಎಂದೆ.

ಖಾಲಿ ಉಂಟೋ ಇಲ್ಲವೋ ನಾನು ನೋಡಿರಲಿಲ್ಲ.

ಹಾರ್ನಿನ ಶಬ್ದ ಕೇಳಿ ತಿರುಗಿದಾಗ ಸಂಕದ ಸರಿ ಮಧ್ಯದಲ್ಲಿ ನಮ್ಮ ನೀಲಿ ಜೀಪು, ನಮ್ಮದೇ ಬಿಳಿ ಪಿಕಪ್ಪು, ಎದುರೆದುರು ಮೂತಿಗೆ ಮೂತಿ ಕೊಟ್ಟು ನಿಂತಿದ್ದವು. ಜೀಪಿನ ಹಿಂದೆ ನಾನು ಬಿಟ್ಟ ಇನ್ನು ನಾಲ್ಕು ಗಾಡಿ. ಅವುಗಳ ಹಿಂದೆ ರಿಕ್ಷಾ. ನಾನು ತಿರುಗಿ ನೋಡುತ್ತಿದ್ದಷ್ಟರಲ್ಲಿ ನನ್ನ ಪಕ್ಕದಿಂದಲೇ ಹಾಲಿನ ವ್ಯಾನು, ಅದರ ಹಿಂದೆ ಜಲ್ಲಿಯ ಟಿಪ್ಪರು ಒಳಗೆ ಹೋದವು. ಎದುರಿನ ಸಾಲಿನಲ್ಲಿ ನಮ್ಮ ಹತ್ತು ಗಾಡಿಯ ಬೆನ್ನಿಗೆ ಸುಳ್ಯದಿಂದ ಬಂದ ಖಾಸಗಿ ಬಸ್ಸು, ಎರಡು ಟಿಪ್ಪರು. ಬೈಕಿನವರು ಸಿಕ್ಕ ಸಂದಿಯಲ್ಲೆಲ್ಲ ತೂರಿಕೊಂಡರು. ಐದು ನಿಮಿಷದಲ್ಲಿ ನನ್ನ ಹಿಂದಿನ ತಿರುವು ತುಂಬಿತು, ಪೇಟೆ ತುಂಬಿತು. ಟಿಪ್ಪರಿಗೆ ಹಿಂದೆ ಬರಲು ಜಾಗ ಉಳಿಯಲಿಲ್ಲ. ಟಿಪ್ಪರು ಬಾರದೆ ರಿಕ್ಷಾ ಬರುವಂತಿಲ್ಲ.

ನಾನು ಸಂಕದ ಮೇಲೆ ನಡೆದೆ. ನಡೆದೆ ಎನ್ನುವುದಕ್ಕಿಂತ ಗಾಡಿಗಳ ಮೈಗೂ ಪೈಪಿಗೂ ನಡುವೆ ಅಡ್ಡ ಅಡ್ಡ ಜಾರಿದೆ. ಕೆಳಗೆ ಹೊಳೆ. ಗಾಡಿಯ ಒಳಗಿದ್ದವರಿಗೆ ಬಾಗಿಲು ತೆರೆಯಲು ಆಗುತ್ತಿರಲಿಲ್ಲ. ಒಬ್ಬರು ಟೀಚರು ಸ್ಕೂಟರಿನಲ್ಲಿ ಹಾಲಿನ ವ್ಯಾನಿಗೂ ಗೂಟಕ್ಕೂ ನಡುವೆ ಸಿಕ್ಕಿಕೊಂಡು, ಒಂದು ಕಾಲು ಊರಲೂ ಆಗದೆ ವ್ಯಾನಿನ ಕನ್ನಡಿ ಹಿಡಿದು ನಿಂತಿದ್ದರು.

"ಇವತ್ತು ಎಂತ ಜಾತ್ರೆಯಾ ಮಾರಾಯ್ರೆ? ಇಷ್ಟು ಗಾಡಿ ಎಲ್ಲಿಂದ ಬಂತು?" ಎಂದು ಕೇಳಿದರು. ನಾನು ಮುಂದೆ ಹೋದೆ.

ರಿಕ್ಷಾದ ಹತ್ತಿರ ಹೋಗುವಾಗ ಕಂಡಕ್ಟರರು ಇಳಿದಾಗಿತ್ತು. ರಿಕ್ಷಾ ಸಣ್ಣದು, ಅದರಿಂದ ಇಳಿಯಲು ಜಾಗ ಇತ್ತು. ಅಳಿಯ ಬೇಡ ಮಾವ, ಕೂತುಕೊಳ್ಳಿ ಎನ್ನುತ್ತಿದ್ದ.

"ಕೂತ್ರೆ ಯಾರು ಬಿಡಿಸುದು? ನಿನ್ನ ಹಾರ್ನಾ?" ಎಂದು ಫೈಲನ್ನು ಅವನ ಕೈಗೆ ಕೊಟ್ಟರು. ಆಮೇಲೆ ನನ್ನನ್ನು ನೋಡಿದರು. "ಹಾ, ಡ್ರೈವರು ಬಂದ್ರು. ಬನ್ನಿ, ನೋಡುವ."

ಅವರು ಮೊದಲು ಸಂಕದ ಮಧ್ಯದವರೆಗೆ ಹೋಗಿ ಎರಡೂ ಸಾಲನ್ನು ನೋಡಿದರು. ಹತ್ತು ಹೆಜ್ಜೆಗೊಮ್ಮೆ ಗೂಟ ಹಿಡಿದು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ನೋಡಿ ಬಂದು ಹೇಳಿದರು: ಕಡಬ ಕಡೆ ತಿರುವಿನಲ್ಲಿ ಬಿಗಿದಿದೆ, ಇತ್ತ ಹಿಂದೆ ಹೋಗಲು ಆಗುವುದಿಲ್ಲ. ಪಂಜ ಕಡೆ ದಾರಿ ನೇರ ಉಂಟು, ಅವರೇ ಹಿಂದೆ ಹೋಗಬೇಕು. ಕೊನೆಯ ಗಾಡಿಯಿಂದ ಶುರು ಮಾಡಬೇಕು. ಅದಕ್ಕೆ ಮೊದಲು ಬೈಕುಗಳು ಹೋಗಬೇಕು.

ಹಾಗೆಯೇ ಮಾಡಿದೆವು. ಬೈಕುಗಳನ್ನು ನಾಲ್ಕು ನಾಲ್ಕು ಜನ ಎತ್ತಿ ಹಿಂದೆ ಸಾಗಿಸಿದರು. ಪಂಜ ಕಡೆಯ ಟಿಪ್ಪರಿನವನು ಹಿಂದೆ ಹೋಗಲು ಒಪ್ಪಲಿಲ್ಲ.

"ನಾನು ಮೊದಲು ಲೈಟ್ ಹಾಕಿದ್ದು," ಎಂದ.

"ಲೈಟ್ ಹಾಕಿದ್ದೀ, ಬೆಳಕು ಬಂತು, ಎಲ್ಲರೂ ನಿನ್ನನ್ನು ನೋಡಿ ಆಯ್ತು. ಇನ್ನು ಹಿಂದೆ ಹೋಗು ಮಗಾ," ಎಂದರು ಕಂಡಕ್ಟರರು. ಬಸ್ಸಿನೊಳಗಿದ್ದವರು ನಕ್ಕರು. ಅವನು ಗೇರು ಹಾಕಿದ.

ಒಂದೊಂದು ಗಾಡಿಯ ಹಿಂದೆ ಅವರೇ ನಿಂತು ಮೈಗೆ ತಟ್ಟುತ್ತಿದ್ದರು. ಎರಡು, ಎರಡು, ಒಂದು. ಮತ್ತೆ ಎರಡು. ಮಧ್ಯೆ ಒಮ್ಮೆ ಅವರು ತಟ್ಟುವುದು ನಿಂತಿತು. ಓಡಿಹೋಗಿ ನೋಡಿದರೆ ಗೂಟದ ಮೇಲೆ ಕೂತಿದ್ದರು, ಮುಖ ಬೂದಿಯ ಹಾಗೆ. ಬೇಕರಿಯವರು ಎಳನೀರಿನ ಒಂದು ಬೊಂಡ ಕೆತ್ತಿ ತಂದುಕೊಟ್ಟರು.

"ಬೊಂಡ ಕುಡಿದ್ರೆ ಇಲ್ಲಿಂದಲೇ ಮೇಲಕ್ಕೆ ಟಿಕೆಟ್. ಡಾಕ್ಟ್ರು ಹೇಳಿದ್ದಾರೆ," ಎಂದರು ಕಂಡಕ್ಟರರು. "ನೀರೂ ಬೇಡ. ದಿನಕ್ಕೆ ಎರಡು ಗ್ಲಾಸು, ಬೆಳಿಗ್ಗೆ ಒಂದು ಆಗಿದೆ."

ಆ ಹೊತ್ತಿಗೆ ಒಂಬತ್ತು ಐವತ್ತು. ಅವರ ಎದುರಿಗೆ ನಮ್ಮ ಬಿಳಿ ಪಿಕಪ್ಪು ನಿಂತಿತ್ತು. ಅದನ್ನು ಓಡಿಸುತ್ತಿದ್ದವನು ನನ್ನ ಕಡೆ ನೋಡಿ, "ಅಣ್ಣ, ಇನ್ನು ಮುಂದಿನ ರೌಂಡ್ ಉಂಟಾ, ಕ್ಯಾನ್ಸಲಾ?" ಎಂದು ಕೇಳಿದ. ಕಂಡಕ್ಟರರು ಅವನನ್ನು ನೋಡಿದರು. ಅವನ ಹಿಂದಿನ ಗಾಡಿಗಳನ್ನು ನೋಡಿದರು. ಎಲ್ಲವೂ ಪೇಟೆಯವು, ಎಲ್ಲದರಲ್ಲೂ ಒಬ್ಬೊಬ್ಬನೇ, ಯಾವುದರಲ್ಲೂ ಸಾಮಾನಿಲ್ಲ. ಆಮೇಲೆ ನನ್ನ ಶರ್ಟಿನ ಕಿಸೆಯಿಂದ ಇಣುಕುತ್ತಿದ್ದ ರೂಲು ಹಾಳೆಯನ್ನು ನೋಡಿದರು.

"ಟ್ರಿಪ್ ಶೀಟ್ ನೀವು ಬರೆದದ್ದಾ?"

"ಹೌದು," ಎಂದೆ.

"ಖಾಲಿ ಬಸ್ಸು ಓಡಿಸಿ ಜನ ತುಂಬಿತ್ತು ಅಂತ ಬರೆದ ಹಾಗೆ ಆಯ್ತಲ್ಲ ಡ್ರೈವರೇ. ಹದಿನಾಲ್ಕು ವರ್ಷದಲ್ಲಿ ನಾವು ಒಂದು ಸಲ ಮಾಡಿದ್ದುಂಟಾ ಹಾಗೆ?"

"ಇಲ್ಲ."

"ಸರಿ. ಕೈ ಕೊಡಿ, ಏಳ್ತೇನೆ."

ಕೈ ಕೊಟ್ಟೆ. ಅವರು ಎದ್ದು ಪಿಕಪ್ಪಿನ ಹಿಂದೆ ಹೋಗಿ ಎರಡು ಪೆಟ್ಟು ಕೊಟ್ಟರು.

ಸಂಕ ಖಾಲಿಯಾಗಿ ರಿಕ್ಷಾ ಪಂಜ ಕಡೆಯ ತುದಿ ದಾಟಿದ್ದು ಹತ್ತು ಗಂಟೆ ಹದಿನಾರು ನಿಮಿಷಕ್ಕೆ. ಹತ್ತುವ ಮೊದಲು ಅವರು ನನಗೆ ಹೇಳಿದ್ದು ಇಷ್ಟು: "ನಾಳೆಗೂ ಬರೆದಿದ್ದೀರಾ? ಬರೆದಿದ್ರೆ ಹರಿದು ಹಾಕಿ." ಹರಿದು ಹಾಕುತ್ತೇನೆ ಎಂದೆ. ಹರಿಯಲಿಲ್ಲ. ಆದರೆ ಬುಧವಾರ ಯಾವ ಗಾಡಿಯೂ ಸುತ್ತಲಿಲ್ಲ.

ಸುಳ್ಯಕ್ಕೆ ಮುಟ್ಟುವಾಗ ಹನ್ನೊಂದೂವರೆ. ಮಿಷನ್ನಿನಲ್ಲಿ ಇನ್ನೊಬ್ಬರಿದ್ದರು. ಆಸ್ಪತ್ರೆಯವರು ಅಡ್ಮಿಟ್ ಆಗಿ, ಬುಧವಾರ ಬೆಳಿಗ್ಗೆ ಆರರ ಸರದಿಯಲ್ಲಿ ಹಾಕುತ್ತೇವೆ ಎಂದರು. ಇವರು ಮನೆಗೆ ಹೋಗಿ ಬರುತ್ತೇನೆ ಎಂದು ಹಠ ಹಿಡಿದರಂತೆ. ಬುಧವಾರ ಮಸೀದಿಯ ಬೆಳಗಿನ ಬಾಂಗಿಗೆ ಮೊದಲು ಅವರು ತೀರಿಕೊಂಡರು. ಆಮೇಲೆ ಒಂದು ದಿನ ನಾನು ಸುಳ್ಯಕ್ಕೆ ಹೋಗಿ ಡಾಕ್ಟರರನ್ನು ಕೇಳಿದೆ. ಹೃದಯ ಮೊದಲೇ ಸೋತಿತ್ತು, ಮಂಗಳವಾರ ಡಯಾಲಿಸಿಸ್ ಆಗಿದ್ದರೆ ಉಳಿಯುತ್ತಿದ್ದರು ಎಂದು ಹೇಳಲಾರೆ, ಉಳಿಯುತ್ತಿರಲಿಲ್ಲ ಎಂದೂ ಹೇಳಲಾರೆ ಎಂದರು. ನನಗೆ ಗೊತ್ತಿರುವುದೂ ಅಷ್ಟೇ. ಅದಕ್ಕಿಂತ ಹೆಚ್ಚು ಹೇಳುವವರು, ಕಡಿಮೆ ಹೇಳುವವರು, ಇಬ್ಬರೂ ಅಂದಾಜಿನಲ್ಲಿ ಹೇಳುತ್ತಾರೆ.

ಆ ಸಂಕದ ಮೇಲೆ ಯಾರೋ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿದ್ದರು. ಬಿಳಿ ಟೊಪ್ಪಿಯ ಮುದುಕರು ಎರಡು ಸಾಲು ಗಾಡಿಗಳ ನಡುವೆ ಕೈ ಎತ್ತಿ ನಿಂತದ್ದು. ಅದು ಪತ್ರಿಕೆಯಲ್ಲಿ ಬಂತು: ಕಿರಿದಾದ ಸೇತುವೆ, ಎರಡು ಗಂಟೆ ಸಿಲುಕಿದ ರೋಗಿ, ಮರುದಿನ ಮರಣ. ನಮ್ಮ ಸಮಿತಿಯವರು ಆ ಪತ್ರಿಕೆಯನ್ನು ಹಿಡಿದು ಪುತ್ತೂರಿಗೆ ಹೋದರು, ಮಂಗಳೂರಿಗೆ ಹೋದರು. ನಾನೂ ಒಮ್ಮೆ ಹೋದೆ. ಇಲಾಖೆಯ ಸಾಹೇಬರ ಮೇಜಿನ ಎದುರು ಐದು ಜನ ಕೂತಿದ್ದೆವು. ಅವರು ಫೋಟೋ ನೋಡಿ ತಲೆ ಅಲ್ಲಾಡಿಸಿ, "ಪಾಪ, ಇದು ದಿನಾ ಹೀಗೆಯಾ?" ಎಂದು ಕೇಳಿದರು. ಸಮಿತಿಯವರೊಬ್ಬರು "ದಿನಾ ಸರ್" ಎಂದರು. ಅದು ಪೂರಾ ಸುಳ್ಳಲ್ಲ. ದಿನಾ ಅರ್ಧ ಗಂಟೆ ನಿಲ್ಲಬೇಕಾಗುತ್ತದೆ. ಒಂದು ಗಂಟೆ ಐವತ್ತು ನಿಮಿಷ ನಿಂತದ್ದು ಒಂದೇ ದಿನ. ಅದನ್ನು ನಾನು ಹೇಳಬೇಕಿತ್ತು. ಬಾಯಿ ತೆರೆದೆ. ಎಡಗಡೆ ಕೂತವರು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು. ಒತ್ತಲೂ ಇಲ್ಲ, ಸುಮ್ಮನೆ ಇಟ್ಟರು. ನಾನು ಬಾಯಿ ಮುಚ್ಚಿದೆ.

ಈಗ ಸೇತುವೆ ಹಳೆಯದರ ಪಕ್ಕದಲ್ಲೇ ಎಂದು ನಿಶ್ಚಯವಾಗಿದೆ. ಮಣ್ಣು ಪರೀಕ್ಷೆ ಆಗಿದೆ, ಮಿಷನ್ನು ಬಂದು ಹೊಳೆಯಲ್ಲಿ ನಾಲ್ಕು ಕಡೆ ತೂತು ಕೊರೆದು ಹೋಗಿದೆ. ಕಡವಿನ ಕಡೆಯವರು ಆ ದಿನ ಸುಮಾರು ಜೀಪು ಸುತ್ತಿಸಿದ್ದರಂತೆ, ಆದರೆ ಅವರಲ್ಲಿ ಯಾರೂ ಸಾಯಲಿಲ್ಲ. ನಾನು ಪಂಜಕ್ಕೆ ಹೋಗಬೇಕಾದಾಗೆಲ್ಲ ಆ ಸಂಕವನ್ನೇ ದಾಟಬೇಕು, ಬೇರೆ ದಾರಿ ಇಲ್ಲ. ಸಾಲಿನಲ್ಲಿ ನಿಲ್ಲುತ್ತೇನೆ. ನನ್ನ ಮುಂದೊಂದು ಗಾಡಿ, ಹಿಂದೊಂದು ಗಾಡಿ. ಬಲಗಡೆ ಪೇಟೆಯವರು ಹಾಕಿದ ಫ್ಲೆಕ್ಸ್ ಉಂಟು, ಕಂಡಕ್ಟರರ ಫೋಟೋ, ಕೆಳಗೆ "ಸೇತುವೆಗಾಗಿ ಜೀವ ತೆತ್ತವರು". ಹೊಸ ಸೇತುವೆಯ ತಲೆಯಲ್ಲಿ ಅವರ ಹೆಸರಿನ ಕಲ್ಲು ಹಾಕಬೇಕು ಎಂದು ಸಮಿತಿ ನಿರ್ಣಯ ಮಾಡಿದೆ. ಆ ನಿರ್ಣಯಕ್ಕೆ ನನ್ನ ಸಹಿ ಉಂಟು.

ಮೂರು ತಿಂಗಳ ಹಿಂದೆ ಕಂಡಕ್ಟರರ ಅಳಿಯ ನನ್ನ ಮನೆಗೆ ಬಂದ. ಚಾ ಕುಡಿಯಲಿಲ್ಲ.

"ಒಂದು ಕೇಳುದುಂಟು. ಅವತ್ತು ನೀವು ಖಾಲಿ ಉಂಟು ಅಂತ ಹೇಳಿದ್ದು ನೋಡಿಯಾ, ನೋಡದೆಯಾ?"

"ನೋಡದೆ," ಎಂದೆ.

ಅವನು ತಲೆ ಕೆಳಗೆ ಹಾಕಿ ಕೂತ. ನಾನು ಶೀಟಿನ ವಿಷಯ, ಹುಡುಗಿಯ ಹಾಳೆಯ ವಿಷಯ, ಮಿಸ್ಡ್ ಕಾಲಿನ ವಿಷಯ, ಎಲ್ಲ ಹೇಳಿದೆ.

"ಮಾವ ಅರ್ಧ ಹೇಳಿದ್ರು, ಸುಳ್ಯಕ್ಕೆ ಹೋಗುವಾಗ," ಎಂದ. "ಡ್ರೈವರನ್ನು ಕೇಳ್ಬೇಡ, ಅವರು ತುಂಬಾ ಮನಸ್ಸಿಗೆ ಹಚ್ಚಿಕೊಳ್ತಾರೆ ಅಂತ ಹೇಳಿದ್ರು. ನಾನು ಎರಡು ವರ್ಷ ಕೇಳಲಿಲ್ಲ. ಆದ್ರೆ ಆ ಕಲ್ಲು ಬೇಡ. ಮಾವನಿಗೆ ಸಂಕ ಇಲ್ಲಿ ಆಗುದು ಬೇಡ ಇತ್ತು. ಅದು ನಿಮಗೂ ಗೊತ್ತುಂಟು, ಪೇಟೆಗೂ ಗೊತ್ತುಂಟು. ನಾನು ಹೇಳಿದ್ರೆ ಕೆಳಗಿನವರ ಹತ್ತಿರ ದುಡ್ಡು ತಿಂದಿದ್ದಾನೆ ಅಂತಾರೆ. ನೀವು ಬರೆದು ಕೊಡಿ."

"ಬರೆದ್ರೆ ಕೆಲಸ ನಿಲ್ಲಬಹುದು. ಸಂಕ ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ ಅಂತ ಆಗಬಹುದು. ಇನ್ನೂ ಹತ್ತು ವರ್ಷ ಎಲ್ಲರೂ ಇದೇ ಸಾಲಿನಲ್ಲಿ ನಿಲ್ಲಬೇಕಾದೀತು. ಮಂಗಳವಾರ ಶುಕ್ರವಾರ ಹೋಗುವವರು ಬೇರೆಯೂ ಇದ್ದಾರೆ."

"ಇರಬಹುದು," ಎಂದ ಅವನು. "ನೀವು ಬರೆದು ಕೊಡಿ."

ಎರಡು ಪುಟದಲ್ಲಿ ಬರೆದು, ಶೀಟಿನ ಪ್ರತಿ ಇಟ್ಟು, ಕಳೆದ ವಾರ ಇಲಾಖೆಗೆ ಕೊಟ್ಟೆ. ತೆಗೆದುಕೊಂಡವರು ಸೀಲು ಹಾಕಿದರು, ಓದಲಿಲ್ಲ. ಸಮಿತಿಗೂ ಒಂದು ಪ್ರತಿ ಕೊಟ್ಟೆ, ಅವರು ಓದಿದರು. ಅಂದಿನಿಂದ ಪೇಟೆಯಲ್ಲಿ ನನ್ನೊಂದಿಗೆ ಮಾತಾಡುವವರು ಕಡಿಮೆ. ಸುಳ್ಳು ಬರೆದಿದ್ದಾನೆ, ವಯಸ್ಸಾಯಿತು, ನೆನಪು ಸರಿ ಇಲ್ಲ ಎಂದು ಹೇಳುತ್ತಾರೆ ಎಂದು ಕೇಳಿದೆ. ನನ್ನ ನೆನಪನ್ನು ನಂಬಬೇಕಾಗಿಲ್ಲ. ನಾನು ಕೈ ಎತ್ತಿದ್ದನ್ನು ನೋಡಿದವರು ಇದ್ದಾರೆ. ನಮ್ಮ ನೀಲಿ ಜೀಪು ಓಡಿಸಿದವನು ಕಳೆದ ಮಳೆಗಾಲದಲ್ಲಿ ತೀರಿಕೊಂಡ, ಅವನನ್ನು ಕೇಳಲು ಆಗುವುದಿಲ್ಲ. ಬಿಳಿ ಪಿಕಪ್ಪಿನವನು ಇದ್ದಾನೆ, ಈಗ ಗಲ್ಫಿನಲ್ಲಿ. ಬೇಕರಿಯವರು ಇದ್ದಾರೆ, ಅಂದು ತಾನು ಎಷ್ಟು ಸಲ ಕಾಲ್ ಮಾಡಲು ನೋಡಿದೆ ಎಂಬುದನ್ನು ಕೇಳಿದವರಿಗೆ ಈಗಲೂ ಹೇಳುತ್ತಾರೆ. ಸ್ಕೂಟರಿನ ಟೀಚರು ಪಂಜದ ಶಾಲೆಯಲ್ಲಿ ಇದ್ದಾರೆ. ಗಾಡಿ ಎಣಿಸಿದ ಹುಡುಗಿ ಓದು ಮುಗಿಸಿ ಪುತ್ತೂರಿನಲ್ಲಿ ಕೆಲಸಕ್ಕಿದ್ದಾಳೆ. ರಿಕ್ಷಾ ಓಡಿಸಿದ ಅಳಿಯ ಇದ್ದಾನೆ, ನಾನು ಖಾಲಿ ಉಂಟು ಎಂದದ್ದನ್ನು ನನ್ನಿಂದ ಎರಡು ಅಡಿ ದೂರದಲ್ಲಿ ಕೇಳಿದವನು. ಮತ್ತೆ ನಾನು ಇದ್ದೇನೆ.